ಸೂರ್ಯ ಹುಟ್ಟುವವರೆಗೂ ಭಾನುವಾರ

"ಕಿತ್ತು ಹಾಕ್ರೀ ಅದನ್ನ. ಈಗಲೇ, ನನ್ನ ಕಣ್ಣೆದುರಿಗೇ."

ಓಬಳರಾಜು ತಲೆಯೆತ್ತಿದ. ಮಧುಗಿರಿ ಬಸ್ ಸ್ಟ್ಯಾಂಡಿನ ಎದುರು, ಮೊಬೈಲ್ ಅಂಗಡಿಯ ಮೇಲಿದ್ದ ಅವನ ಒಂಟಿಕೋಣೆಯ ಆಫೀಸಿನ ಬಾಗಿಲಲ್ಲಿ ಗಂಗಲಕ್ಷ್ಮಿ ನಿಂತಿದ್ದಳು. ಶನಿವಾರದ ಬಿಸಿಲು ಅವಳ ಬೆನ್ನಿಗಿತ್ತು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಕಿವಿಯ ಜುಮುಕಿಗಳು ಮಾತ್ರ ನಿಂತ ಮೇಲೂ ಅಲುಗುತ್ತಿದ್ದವು.

"ಏನನ್ನ ಕೀಳಬೇಕು, ಗಂಗಾ ಮೇಡಂ?"

"ನಿಮ್ಮ ಕ್ಲೌಡು ಗಿವುಡು ಎಲ್ಲಾನೂ."

"ಕೂತ್ಕೊಳ್ಳಿ. ನೀರು ಕುಡೀರಿ."

"ನಿಮ್ಮ ನೀರು ನೀವೇ ಕುಡೀರಿ. ನಮ್ಮತ್ರ ಬೆಳ್ಳಿ ಮಂಟಪ ಇರೋದು ಒಂದು. ಪಾವಗಡದ ಕಡೆ ನಾಗಲಮಡಿಕೆ ಮದುವೆಗೂ ಅದನ್ನೇ ಒಪ್ಪಿಕೊಂಡಿದೀವಿ, ಶಿರಾ ಮದುವೆಗೂ ಅದನ್ನೇ. ಎರಡು ಬುಕಿಂಗಿಗೂ ನಿಮ್ಮ ಕಂಪ್ಯೂಟರು ಹಸಿರು ಟಿಕ್ ಹಾಕಿ ಕೂತಿದೆ. ಹೇಳಿ, ಯಾರ ಮಗಳನ್ನ ಬಯಲಲ್ಲಿ ಕೂರಿಸ್ಲಿ?"

ಅವನ ಮುಖದ ರಕ್ತ ಇಳಿಯಿತು. ಅದನ್ನು ನೋಡಿ ಅವಳ ಕೋಪ ಇಳಿಯಬೇಕಿತ್ತು, ಇನ್ನಷ್ಟು ಏರಿತು. ತಪ್ಪು ಮಾಡಿದವನು ಪಾಪದವನಂತೆ ಕಾಣುವುದು ಅವಳಿಗೆ ಎಂದೂ ಹಿಡಿಸಿದ್ದಿಲ್ಲ.

ಬೈರಪ್ಪ ಶಾಮಿಯಾನ ಸೆಂಟರ್ ಎಂದರೆ ಆ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಮೂಲ ಅಂಗಡಿ ಮಧುಗಿರಿಯಲ್ಲಿ. ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಒಂದೊಂದು ಬ್ರಾಂಚು. ಚಪ್ಪರ, ಕುರ್ಚಿ, ಕೊಳಗ, ಮಂಟಪ, ಏನು ಬೇಕಿದ್ದರೂ ಬಾಡಿಗೆಗೆ ಸಿಗುತ್ತಿತ್ತು. ಬಿ.ಕಾಂ. ಮುಗಿಸಿದ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವಳು ಬೈರಪ್ಪನವರ ಮಗಳು ಗಂಗಲಕ್ಷ್ಮಿ. ನಾಲ್ಕು ಊರಿಗೆ ನಾಲ್ಕು ಕಂಪ್ಯೂಟರ್ ಇದ್ದವು. ಒಂದರ ಹೊಟ್ಟೆಯಲ್ಲಿರುವುದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಹೋದ ವೈಶಾಖದಲ್ಲಿ ಮಧುಗಿರಿಯ ಕಂಪ್ಯೂಟರಿನ ವೈರನ್ನು ಇಲಿ ಕಡಿದು, ಮೇಲಿನಿಂದ ಮಳೆನೀರು ಸುರಿದು, ಬುಕಿಂಗುಗಳೆಲ್ಲ ಮಣ್ಣುಪಾಲಾದಾಗ ಬೈರಪ್ಪ ಟಿವಿಎಸ್ ಹತ್ತಿಕೊಂಡು ಊರೂರು ಅಲೆದಿದ್ದರು: "ಬೇಜಾರು ಮಾಡ್ಕೋಬ್ಯಾಡಿ, ನಿಮ್ಮನೇಲಿ ಮದುವೆ ಯಾವತ್ತು?" ಕೆಲವರು ನಕ್ಕಿದ್ದರು. ದೊಡ್ಡೇರಿಯ ಒಬ್ಬರಂತೂ, "ಮದುವೆ ಆಗಿ ಗಂಡು ಹೆಣ್ಣು ತಿರುಪತಿಗೂ ಹೋಗಿ ಬಂದ್ರು ಕಣಣ್ಣ" ಎಂದಿದ್ದರು.

ಆಗ ಬಂದವನು ಕೊರಟಗೆರೆಯ ಓಬಳರಾಜು. ಸುತ್ತಲಿನ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಹುಡುಗ. ಬೈರಪ್ಪನವರ ಎದುರು ಕೈಕಟ್ಟಿ ನಿಂತು ಹೇಳಿದ್ದ: "ಮಗಳ ಮದುವೆ ಅಂತ ಯಾರಾದ್ರೂ ಛತ್ರ ಕಟ್ಟಿಸ್ತಾರಾ ಯಜಮಾನ್ರೇ? ನಿಮ್ಮತ್ರ ಬಾಡಿಗೆಗೆ ತಗೋತಾರೆ. ಜನ ಜಾಸ್ತಿ ಅಂದ್ರೆ ಇನ್ನೊಂದು ಚಪ್ಪರ ಎಳೀತಾರೆ, ಆಷಾಢ ಬಂದ್ರೆ ಎಲ್ಲಾ ವಾಪಸ್ಸು. ಕ್ಲೌಡ್ ಸರ್ವರೂ ಅಂಗೇನೇ. ಮೆಷಿನ್ನು ಕೊಳ್ಳೋದು ಬೇಡ, ಕಾಯೋದು ಬೇಡ. ಎಲ್ಲೋ ಭದ್ರವಾಗಿರೋ ಕಡೆ ನಿಮ್ಮ ಲೆಕ್ಕ ಇರುತ್ತೆ. ಲಗ್ನದ ಕಾಲದಲ್ಲಿ ಹಿಗ್ಗಿಸ್ಕೊಳ್ಳಿ, ಆಷಾಢದಲ್ಲಿ ಕುಗ್ಗಿಸ್ಕೊಳ್ಳಿ. ಒಂದು ಬ್ರಾಂಚಲ್ಲಿ ಬರೆದದ್ದು ನಾಲ್ಕೂ ಕಡೆ ಕಾಣುತ್ತೆ."

ಬೈರಪ್ಪ ಮೀಸೆಯಡಿಯಲ್ಲಿ ನಕ್ಕಿದ್ದರು. "ಅಂದ್ರೆ ಅವರೂ ನಮ್ಮಂಗೆ ಶಾಮಿಯಾನದೋರೇ ಅನ್ನು!"

ಅಂದಿನಿಂದ ಗಂಗಲಕ್ಷ್ಮಿ ಅವನಿಗೆ ದಿನವೂ ಫೋನು ಮಾಡುತ್ತಿದ್ದಳು. ಅದು ಬರ್ತಿಲ್ಲ, ಇದು ಕಾಣ್ತಿಲ್ಲ, ಪಾಸ್‌ವರ್ಡ್ ಮರೆತೆ. ಅವನು ಬೇಸರಿಸದೆ ಹೇಳುತ್ತಿದ್ದ. ಗಮಕಿಯೊಬ್ಬರು ಪದ್ಯ ಮುಗಿಸಿ ರಾಗವನ್ನಷ್ಟೇ ಉಳಿಸುವ ಹಾಗೆ, ಫೋನು ಇಟ್ಟ ಮೇಲೂ ಅವನ ದನಿ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತಿರುತ್ತಿತ್ತು.

ಈಗ ಆ ದನಿಯೇ ಅವಳ ಮೈ ಉರಿಸುತ್ತಿತ್ತು.

"ನಾಗಲಮಡಿಕೆ ಬುಕಿಂಗ್ ಹಾಕಿರೋದು ನೀವೇ, ನಾಳೆ ಭಾನುವಾರಕ್ಕೆ" ಎಂದು ಅವನು ತೆರೆಯತ್ತ ಬಗ್ಗಿದ. "ಶಿರಾದೋರು ಹಾಕಿರೋದು ಸೋಮವಾರಕ್ಕೆ. ಬೇರೆ ಬೇರೆ ದಿನ ಅಂತ ಸಿಸ್ಟಮ್ ಒಪ್ಪಿಕೊಂಡಿದೆ. ನಾಗಲಮಡಿಕೆ ಧಾರೆ ಎಷ್ಟೊತ್ತಿಗೆ?"

"ಬೆಳಗಿನ ಜಾವ. ಸಂಜೆ ಆರತಕ್ಷತೆ, ಕೋಳಿ ಕೂಗೋ ಹೊತ್ತಿಗೆ ಧಾರೆ."

"ಹಂಗಾದ್ರೆ ಅದು ಸೋಮವಾರ ಅಲ್ವಾ?"

"ಯಾರ್ರೀ ಹೇಳಿದ್ದು ಸೋಮವಾರ ಅಂತ?" ಅವಳು ಮೇಜಿಗೆ ಅಂಗೈ ಬಡಿದಳು. "ಸೂರ್ಯ ಹುಟ್ಟೋವರೆಗೂ ಭಾನುವಾರ. ಪಂಚಾಂಗದಲ್ಲಿ ವಾರ ಬದಲಾಗೋದು ಸೂರ್ಯನಿಂದ, ನಿಮ್ಮ ಗಡಿಯಾರದಿಂದಲ್ಲ. ಹುಡುಗಿ ತಾತ ನಾಗಲಿಂಗಯ್ಯನವರು ಬಂದು ಕೂತು ಹೇಳಿದ್ದೇ ಅದು, ಭಾನುವಾರದ ಕಡೇ ಜಾವದ ಲಗ್ನ ಅಂತ. ನಿಮ್ಮ ಸಿಸ್ಟಮ್ಮು ಹನ್ನೆರಡು ಹೊಡೀತಿದ್ದಂಗೆ ಮಂಟಪ ಖಾಲಿ ಅಂದುಬಿಡ್ತು. ಆ ಹೊತ್ತಿಗೆ ಹೆಣ್ಣು ಇನ್ನೂ ತಲೆಗೆ ನೀರೂ ಹಾಕ್ಕೊಂಡಿರಲ್ಲ!"

ಓಬಳರಾಜು ಮೌಸಿನಿಂದ ಕೈ ತೆಗೆದ.

"ನಾನು ಮೊದಲೇ ಹೇಳಿದ್ದೆ. ಇದೇ ಕುರ್ಚೀಲಿ ಕೂತು ಹೇಳಿದ್ದೆ. ಮದುವೆಗೆ ತಾರೀಖು ಒಂದೇ ಸಾಲದು ಕಣ್ರೀ, ಕಟ್ಟೋ ಹೊತ್ತಿಂದ ಬಿಚ್ಚೋ ಹೊತ್ತಿನವರೆಗೂ ಬರೀಬೇಕು ಅಂತ. ನೀವು ಹೂಂ ಹೂಂ ಅಂತ ತಲೆ ಆಡಿಸಿದ್ರಿ. ಕೊನೆಗೆ ತಾರೀಖಿನ ಖಾನೆ ಒಂದೇ ಇಟ್ಟು ಕೊಟ್ರಿ. ನಾನೂ ಇಷ್ಟೇ ಇರೋದು ಅಂತ ತುಂಬಿದೆ. ಹೇಳಿ, ಅವತ್ತು ಏನ್ ಕೇಳಿಸ್ಕೊಂಡ್ರಿ?"

"ಏನೂ ಕೇಳಿಸ್ಕೊಳ್ಳಿಲ್ಲ."

"ಮತ್ತೆ ಏನ್ ಮಾಡ್ತಿದ್ರಿ?"

ಅವನು ಕೀಬೋರ್ಡಿನ ಮೇಲೆ ಕಣ್ಣು ನೆಟ್ಟ. "ನಿಮ್ಮನ್ನ ನೋಡ್ತಿದ್ದೆ."

ಫ್ಯಾನಿನ ಸದ್ದು ಒಮ್ಮೆಲೇ ದೊಡ್ಡದಾಯಿತು. ಕೆಳಗೆ ಪಾವಗಡದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಗಂಗಲಕ್ಷ್ಮಿಯ ಕಿವಿಯ ತುದಿ ಬಿಸಿಯಾಯಿತು. ಎಷ್ಟೋ ದಿನದಿಂದ ಕೇಳಬೇಕೆಂದಿದ್ದ ಮಾತು, ಕೇಳಬಾರದ ಹೊತ್ತಿನಲ್ಲಿ ಬಂದಿತ್ತು. ದೇವರು ವರ ಕೊಡುವಾಗ ಸಮಯ ನೋಡುವುದಿಲ್ಲವೇನೋ. ಇಲ್ಲವೇ ಬೇಕೆಂದೇ ಇಂಥ ಸಮಯ ನೋಡುತ್ತಾನೋ.

"ನಾಚಿಕೆ ಆಗಲ್ವಾ?" ಅವಳ ದನಿ ನಡುಗಿತು. ಕೋಪಕ್ಕೆ ನಡುಗಿತೆಂದೇ ಅವಳು ಅಂದುಕೊಂಡಳು. "ನನ್ನ ಮುಖ ನೋಡಕ್ಕೋಗಿ ಎರಡು ಮನೆ ಮದುವೆ ಬೀದಿಗೆ ತಂದಿದೀರಿ. ಬೆಳಿಗ್ಗೆ ಅಪ್ಪ ಏನಂದ್ರು ಗೊತ್ತಾ? ಒಂದು ಲಗ್ನ ಕೆಟ್ಟರೂ ನಾನು ಅಂಗಡಿ ಮೆಟ್ಟಿಲು ಇಳೀಬೇಕು. ನನ್ನ ಕುರ್ಚೀಲಿ ದೊಡ್ಡಪ್ಪನ ಮಗ ಪ್ರಸನ್ನ ಕುಮಾರ್ ಕೂತ್ಕೊತಾನೆ. ಲಾರಿ ಲೋಡು ಹೆಂಗೆ ಕಟ್ಟಬೇಕು ಅಂತಾನೂ ಗೊತ್ತಿಲ್ಲ ಅವನಿಗೆ. ನಾನು ಮನೇಲಿ ಕೂತು, ನೋಡಕ್ಕೆ ಬರೋರಿಗೆಲ್ಲ ಉಪ್ಪಿಟ್ಟು ಮಾಡ್ಕೊಂಡಿರಬೇಕು. ನೀವು ನೋಡಿದ್ದಕ್ಕೆ ನನಗೆ ಸಿಕ್ಕಿದ್ದು ಇದು."

ಅವನು ಎದ್ದು ನಿಂತ. ಕ್ಷಮಿಸಿ ಎನ್ನುತ್ತಾನೆಂದು, ಅಂದರೆ ಇನ್ನೊಂದು ಸುತ್ತು ಬೈಯಬೇಕೆಂದು ಅವಳು ಸಿದ್ಧವಾಗಿದ್ದಳು. ಅವನು ಕುರ್ಚಿಯನ್ನು ಅವಳತ್ತ ತಿರುಗಿಸಿ ಕೇಳಿದ.

"ಬೆಳ್ಳಿ ಮಂಟಪ ಬರೋಕ್ ಮುಂಚೆ ನಿಮ್ಮತ್ರ ಯಾವುದಿತ್ತು?"

"ಹಳೇದಿತ್ತು. ಅದೂ ಬೆಳ್ಳಿ ತಗಡಿಂದೇ. ಎಲ್ಲಿ ಹಂಚಿಹೋಗಿದೆಯೋ ಯಾರಿಗ್ ಗೊತ್ತು."

"ಸರ್ವರಿಗೆ ಗೊತ್ತು."

ಅವನು ಸಾಮಾನಿನ ಪಟ್ಟಿ ತೆರೆದು, 'ಬೆಳ್ಳಿ ತಗಡು' ಎಂದು ಹುಡುಕಿದ. ಬೇಡವೆಂದರೂ ಅವಳ ಕಣ್ಣು ತೆರೆಗೆ ಅಂಟಿತು. ಕೊರಟಗೆರೆ: ಕಂಬ ಎರಡು. ಪಾವಗಡ: ಕಂಬ ಎರಡು. ಶಿರಾ ಗೋಡೌನ್: ಮೇಲ್ಛಾವಣಿ ಒಂದು, ಗಿಳಿ ಕೆತ್ತಿದ್ದು. ಪ್ರತಿಯೊಂದಕ್ಕೂ ಬ್ರಾಂಚಿನವರು ಫೋಟೋ ತೆಗೆದು ಏರಿಸಿದ್ದರು. ವರ್ಷಗಟ್ಟಲೆ ಮೂರು ಊರಿನ ಕತ್ತಲೆ ಕೋಣೆಗಳಲ್ಲಿ, ಒಂದಕ್ಕೊಂದು ಗೊತ್ತಿಲ್ಲದೆ ಬಿದ್ದಿದ್ದ ಒಂದೇ ಮಂಟಪದ ಅಂಗಾಂಗಗಳು ಅಲ್ಲಿ ಸಾಲಾಗಿ ನಿಂತಿದ್ದವು.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕೀಂ ಎಂದು ಕಿರುಚಿ ಕಣ್ಣು ಮುಚ್ಚಿತು. ತೆರೆ ಕಪ್ಪಾಯಿತು.

"ಹೋಯ್ತು!" ಗಂಗಲಕ್ಷ್ಮಿ ಕೂಗಿದಳು. "ನೋಡಿದ್ರಾ? ಇದೇ ನಿಮ್ಮ—"

ಅವನು ಜೇಬಿನಿಂದ ಮೊಬೈಲು ತೆಗೆದು ಅವಳ ಮುಂದೆ ಹಿಡಿದ. ಅದೇ ಪಟ್ಟಿ, ಅವೇ ಕಂಬಗಳು, ಅವೇ ಗಿಳಿಗಳು.

"ಕಂಪ್ಯೂಟರ್ ಸತ್ತರೆ ಸಾಯ್ಲಿ. ಲೆಕ್ಕ ಅದರೊಳಗೆ ಇಲ್ವಲ್ಲ."

"ಇದೊಂದಕ್ಕೆ ಮೀಸೆ ತಿರುವಬೇಡಿ" ಎಂದು ಅವಳು ಮೊಬೈಲನ್ನು ಕಿತ್ತುಕೊಂಡಳು. ಬೆರಳಿಗೆ ಬೆರಳು ತಾಕಿತು. ಅದಕ್ಕೂ ಅವಳಿಗೆ ಕೋಪ ಬಂತು.

ಕೊರಟಗೆರೆ ಬ್ರಾಂಚಿನ ಲಕ್ಷ್ಮಕ್ಕನಿಗೆ ಅಲ್ಲಿಂದಲೇ ಫೋನು ಹೋಯಿತು.

"ಅಯ್ಯೋ, ಅವೆ ಕಣಮ್ಮ" ಎಂದಳು ಲಕ್ಷ್ಮಕ್ಕ. "ಸತ್ಯನಾರಾಯಣ ಪೂಜೆಗೆ ಕೊಟ್ಟಿದ್ದೆ, ವಾಪಸ್ ಬಂದವೆ. ವಿಭೂತಿ ಹಾಕಿ ತಿಕ್ಕಿಸಿ ಮಡಗ್ತೀನಿ, ಗಾಡಿ ಕಳಿಸು. ಅದಿರ್ಲಿ, ಆ ನಮ್ಮೂರ ಹುಡುಗನ ಮ್ಯಾಲೆ ಯಾಕಂಗೆ ಹಾರಾಡ್ತಿದ್ದೀಯ? ನೀನು ಫೋನ್ ಮಾಡೋಕ್ ಮುಂಚೇನೇ ಇಲ್ಲಿಗೆ ಕೇಳಿಸ್ತಿತ್ತು."

ಪಾವಗಡ ಬ್ರಾಂಚಿನ ಭೀಮರಾಜುವಿನ ಗೋಳು ಬೇರೆ, ಅದೂ ಅರ್ಧ ತೆಲುಗಿನಲ್ಲಿ. "ಅಕ್ಕಾ, ನೀಕು ಪುಣ್ಯಂ ಉಂಟುಂದಿ, ಬೆಳ್ಳಿ ಮಂಟಪ ನಾಗಲಮಡಿಕೆಗೇನಾ ಅಲ್ವಾ ಅದೊಂದು ಹೇಳ್ಬುಡು. ನಾಗಲಿಂಗಯ್ಯನೋರು ಅಂಗಡಿ ಮುಂದೆ ಚಾಪೆ ಹಾಕ್ಕಂಡು ಕುಂತವ್ರೆ. ಮಂಟಪ ಲಾರಿ ಹತ್ತೋಗಂಟ ಏಳಲ್ಲಂತೆ."

"ನಾಗಲಮಡಿಕೆಗೇ. ಹತ್ತಿಸು. ಹಳೇ ಕಂಬ ಎರಡೂ ಶಿರಾಕ್ಕೆ ಕಳಿಸು."

"ಸರೇ ಅಕ್ಕಾ. ಬತಿಕಿಪೋಯಿನಾನು, ಬದುಕ್ಕಂಡೆ!"

ಭಾನುವಾರ ಬೆಳಿಗ್ಗೆ ಕೊರಟಗೆರೆಯ ಕಂಬಗಳನ್ನು ಹೊತ್ತ ಟೆಂಪೊ ಮಧುಗಿರಿ ಅಂಗಡಿಯೆದುರು ನಿಂತಾಗ, ಓಬಳರಾಜು ಲ್ಯಾಪ್‌ಟಾಪ್ ಚೀಲ ತೂಗುಹಾಕಿಕೊಂಡು ಕಾಯುತ್ತಿದ್ದ.

"ನಿಮಗೇನ್ ಕೆಲಸ ಶಿರಾದಲ್ಲಿ?"

"ಸ್ಪ್ಯಾನರ್ ಹಿಡಿಯಕ್ಕೆ ಬರುತ್ತೆ."

"ಹಿಡಿಯಕ್ಕೆ ಎಲ್ಲಾರ್ಗೂ ಬರುತ್ತೆ. ತಿರುಗಿಸಕ್ಕೆ ಬರುತ್ತಾ?"

ಅವನು ಚೀಲ ಎದೆಗವುಚಿಕೊಂಡು ಹತ್ತಿದ. ಡ್ರೈವರ್ ಪಕ್ಕ ಅವನು, ಕಿಟಕಿಯತ್ತ ಅವಳು, ನಡುವೆ ಗೋಡೆಯ ಹಾಗೆ ಅವಳ ವ್ಯಾನಿಟಿ ಬ್ಯಾಗು. ಮಧುಗಿರಿಯ ಏಕಶಿಲೆಯ ಬೆಟ್ಟ ಹಿಂದೆ ಸರಿಯುತ್ತಾ ಬಂದು, ಕೊನೆಗೆ ಕನ್ನಡಿಯೊಳಗೆ ಕೂತಿತು. ಅವನು ತೊಡೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ. ತಾರೀಖಿನ ಖಾನೆ ಅಳಿಸಿ, ಅಲ್ಲಿ ಎರಡು ಖಾನೆ ಬರೆದ: ಕಟ್ಟುವ ದಿನ ಮತ್ತು ಹೊತ್ತು, ಬಿಚ್ಚುವ ದಿನ ಮತ್ತು ಹೊತ್ತು.

ಅವಳು ಓರೆಗಣ್ಣಲ್ಲಿ ಓದಿದಳು. ಬಾಯಿ ಬಿಗಿ ಹಿಡಿದು ಒಂದಷ್ಟು ದಾರಿ ಸಹಿಸಿದಳು. ಆಮೇಲೆ ಆಗಲಿಲ್ಲ.

"ಬಿಚ್ಚೋ ಹೊತ್ತಿನ ಮೇಲೆ ಲಾರಿ ಬಂದು ಮುಟ್ಟೋ ಹೊತ್ತನ್ನೂ ಸೇರಿಸಿ. ಪಾವಗಡದಿಂದ ಸಾಮಾನು ಹಾರ್ಕೊಂಡು ಬರಲ್ಲ."

"ಸರಿ."

"ಲಗ್ನ ಬೆಳಗಿನ ಜಾವದ್ದಾ ಅಂತ ಕೇಳ್ಬೇಕು. ದಪ್ಪಕ್ಷರದಲ್ಲಿ. ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ." ಅವನು ಬರೆದ. ಬರೆದದ್ದನ್ನು ಓದಿ ಹೇಳಿದ. ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಇಡೀ ದಾರಿಯಲ್ಲಿ ಒಮ್ಮೆಯೂ ಅವಳ ಮುಖ ನೋಡಲಿಲ್ಲ. ಶಿರಾ ಮುಟ್ಟುವ ಹೊತ್ತಿಗೆ ಗಂಗಲಕ್ಷ್ಮಿಗೆ ಅವನ ಮೇಲೆ ಇದ್ದ ಕೋಪದ ಜೊತೆಗೆ, ಅವನು ನೋಡಲಿಲ್ಲವೆಂಬ ಹೊಸ ಕೋಪವೂ ಸೇರಿಕೊಂಡಿತ್ತು. ಎರಡರಲ್ಲಿ ಯಾವುದು ದೊಡ್ಡದೆಂದು ಅವಳು ತೂಗಿ ನೋಡಲಿಲ್ಲ. ನೋಡಲು ಭಯವಾಯಿತು.

ಪಾವಗಡದ ಕಂಬಗಳು ಬರುವಷ್ಟರಲ್ಲಿ ರಾತ್ರಿಯಾಗಿ, ಸೋಮವಾರ ಬೆಳಿಗ್ಗೆಯಷ್ಟೇ ಶಿರಾದ ಛತ್ರದಲ್ಲಿ ಹಳೆಯ ಮಂಟಪ ಎದ್ದಿತು. ಮೂರು ಕಂಬ ಗಟ್ಟಿಯಾಗಿ ಕೂತವು. ಕೊರಟಗೆರೆಯಿಂದ ಬಂದ ಎರಡನೆಯ ಕಂಬ ಮಾತ್ರ ಮೊಂಡು ಹಿಡಿಯಿತು. ಯಾರೋ ಎಂದೋ ಅದರ ಬುಡಕ್ಕೆ ಬೇರೆ ಪ್ಲೇಟು ಬೆಸುಗೆ ಹಾಕಿಸಿದ್ದರು. ಬೋಲ್ಟಿನ ತೂತಿಗೆ ತೂತು ಕೂಡಲಿಲ್ಲ. ಹಗ್ಗ ಬಿಗಿದರೂ ಹೆಣ್ಣು ಕೂರುವ ಕಡೆಗೇ ವಾಲುತ್ತಿತ್ತು.

ಹೆಣ್ಣಿನ ತಂದೆ ವೀರಭದ್ರಯ್ಯ ರೇಷ್ಮೆ ಪಂಚೆ ಎತ್ತಿಕಟ್ಟಿಕೊಂಡೇ ಬಂದರು. "ಏನ್ರೀ ಇದು? ಫೋಟೋದಲ್ಲಿ ತೋರಿಸಿದ್ದು ಇದಲ್ಲ!"

ಶಿರಾ ಬ್ರಾಂಚಿನವರು ಹಿಂದೆ ಸರಿದರು. ಗಂಗಲಕ್ಷ್ಮಿ ಮುಂದೆ ಬಂದಳು. "ಅಲ್ಲ ಸರ್. ಇದು ಹಳೇದು. ನಮ್ಮ ಬುಕಿಂಗಿನಲ್ಲಿ ತಪ್ಪಾಗಿದೆ. ನಿಮಗೆ ಹೇಳದೆ ಕಟ್ಟಬಾರದಿತ್ತು, ಅದಕ್ಕೇ ಈಗ ಹೇಳ್ತಿದೀನಿ."

"ಈಗ ಹೇಳ್ತಾಳಂತೆ! ಗಂಡಿನ ಕಡೇರು ಬಾಗಿಲಿಗೆ ಬಂದವ್ರೆ, ಈಗ! ನನ್ನೇನ್ ಬೇಕೂಫ ಅನ್ಕಂಡ್ರಾ? ನಿಮ್ಮ ದುಕಾನಿಗೆ ಬೀಗ ಜಡಿಸ್ತೀನಿ, ನೋಡ್ತಿರಿ!"

ಅಲಂಕಾರದ ಕೋಣೆಯ ಬಾಗಿಲಿಂದ ಒಂದು ತಲೆ ಇಣುಕಿತು. ಅರ್ಧ ಹೆಣೆದ ಜಡೆಯ ಮದುಮಗಳು ಹರ್ಷಿತಾ. "ಅಪ್ಪಾ, ಸುಮ್ನಿರಿ. ಇದೇ ಚೆನ್ನಾಗಿದೆ. ಮೇಲೆ ನೋಡಿ, ಎಷ್ಟೊಂದು ಗಿಳಿ ಇದಾವೆ."

ವೀರಭದ್ರಯ್ಯ ಮೇಲೆ ನೋಡಿದರು. ಗಿಳಿಗಳು ಅವರನ್ನು ನೋಡಿದವು. "ಸರಿ" ಎಂದು ಗುಡುಗಿದರು. "ಆದ್ರೆ ಆ ಕಂಬ ನಿಲ್ಲಬೇಕು. ಇಷ್ಟು ಅಲುಗಾಡಿದ್ರೂ ನಿಮ್ಮನ್ನ ಸುಮ್ನೆ ಬಿಡಲ್ಲ. ಜಲ್ದಿ!"

ವೆಲ್ಡಿಂಗಿನವನನ್ನು ಕರೆಸಲು ಹೊತ್ತಿರಲಿಲ್ಲ. ಗಂಗಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಟಪದ ಹಿಂದಿನ ಪರದೆಯೊಳಗೆ ನುಗ್ಗಿ ಕಂಬಕ್ಕೆ ಹೆಗಲು ಕೊಟ್ಟಳು. ಕಂಬ ಅವಳನ್ನೂ ತಳ್ಳಿತು. ಆಗ ಅದರ ಇನ್ನೊಂದು ಬದಿಗೆ ಇನ್ನೊಂದು ಹೆಗಲು ಬಂದು ಆತುಕೊಂಡಿತು. ಕಂಬ ನಿಂತಿತು.

ಪರದೆಯಾಚೆ ಗಂಡು ಬಂದು ಕೂತ. ಹೆಣ್ಣು ಬಂದು ಕೂತಳು. ಮಂತ್ರ ಶುರುವಾಯಿತು. ಈಚೆ ಇಬ್ಬರೂ ಉಸಿರು ಬಿಗಿಹಿಡಿದು ಮಂಡಿಯೂರಿದ್ದರು. ನಡುವೆ ಒಂದು ಕಂಬದ ದಪ್ಪವಷ್ಟೇ ಇತ್ತು.

"ಸರಿಯಾಗಿ ಒತ್ತಿ" ಎಂದು ಅವಳು ಪಿಸುಗುಟ್ಟಿದಳು. "ನಿಮ್ಮ ಕಡೆ ಜಾರ್ತಿದೆ."

"ಒತ್ತಿದೀನಿ."

"ಬೆವರು ನನ್ನ ಕೈಮೇಲೆ ಬೀಳ್ತಿದೆ."

"ಫೋಕಸ್ ಲೈಟು."

"ಮಾತಾಡ್ಬೇಡಿ."

ಒಂದು ಮಂತ್ರ ಮುಗಿದು ಇನ್ನೊಂದು ಹಿಡಿಯಿತು.

"ಗಂಗಾ ಅವರೇ, ನಿಮ್ಮನ್ನ ಒಂದು ಕೇಳ್ಬೇಕು."

"ಈಗಲಾ?"

"ಈಗ ಕೇಳಿದ್ರೆ ನೀವು ಎದ್ದು ಹೋಗಕ್ಕಾಗಲ್ಲ."

ಅವಳು ಕಂಬದ ಪಕ್ಕದಿಂದ ಅವನತ್ತ ತಿರುಗಿದಳು. ಅವನು ನೋಡುತ್ತಿದ್ದ. ಕಣ್ಣು ತಪ್ಪಿಸದೆ, ಹೆದರಿಕೆಯನ್ನು ಮುಚ್ಚಿಡದೆ, ಗರ್ಭಗುಡಿಯ ತೆರೆ ಸರಿಯುವುದನ್ನು ಕಾಯುವವನ ಹಾಗೆ. ಅವಳ ಎದೆಯಲ್ಲಿ ಕಟ್ಟಿಟ್ಟದ್ದೆಲ್ಲ ಒಮ್ಮೆಲೇ ಹಗ್ಗ ಬಿಚ್ಚಿಕೊಂಡಿತು.

"ಇಷ್ಟು ದಿನ ಬಾಯಿಗೇನಾಗಿತ್ತೋ ನಿನಗೆ?" ಪಿಸುಮಾತಿನಲ್ಲೂ ಬೈಗುಳ ಬೆಂಕಿಯಂತಿತ್ತು. "ದಿನಾ ಫೋನ್ ಮಾಡ್ತಿದ್ದೆನಲ್ಲ. ಪಾಸ್‌ವರ್ಡ್ ಮರೆತೆ, ಪಾಸ್‌ವರ್ಡ್ ಮರೆತೆ ಅಂತ. ನಾಲ್ಕು ಅಂಗಡಿ ಸಾಮಾನು ಬಾಯಲ್ಲಿ ಹೇಳ್ತೀನಿ ನಾನು. ಒಂದು ಪಾಸ್‌ವರ್ಡ್ ನೆನಪಿರಲ್ವಾ? ಅಷ್ಟೂ ತಿಳಿಯಲ್ವಾ ನಿನ್ನ ಮಂಡೆಗೆ? ಹೇಳೋ ಹೊತ್ತಲ್ಲಿ ಹೇಳ್ದೆ, ನನ್ನ ಅಂಗಡಿ ಮುಳುಗೋ ಹೊತ್ತಿಗೆ ನಿಮ್ಮನ್ನ ನೋಡ್ತಿದ್ದೆ ಅಂತೀಯಾ. ನಾನು ಸಂತೋಷ ಪಡ್ಲಾ, ನಿನ್ನ ತಲೆ ಒಡೀಲಾ?"

ಓಬಳರಾಜುವಿನ ಬಾಯಿ ತೆರೆದೇ ಇತ್ತು. "ಹಂಗಾದ್ರೆ..."

"ಹಂಗಾದ್ರೆ ಹಿಂಗಾದ್ರೆ ಏನಿಲ್ಲ. ನಿಮ್ಮಮ್ಮನ್ನ ಕರ್ಕೊಂಡು ಬಂದು ಅಪ್ಪನತ್ರ ಮಾತಾಡು. ಮದುವೆ ಆದ್ಮೇಲೂ ಅಂಗಡಿ ನಾನೇ ನೋಡ್ಕೊಳ್ಳೋದು. ಅದಕ್ಕೆ ಒಪ್ಪಿಗೆ ಇದ್ರೆ ಬಾ. ಇಲ್ಲದಿದ್ರೆ ಈ ಕಂಬ ಬಿಟ್ಟು ಈಗಲೇ ಹೋಗು, ನಾನೊಬ್ಬಳೇ ಹಿಡ್ಕೊತೀನಿ."

ಅವನು ಕಂಬ ಬಿಡಲಿಲ್ಲ. ಇನ್ನೂ ಗಟ್ಟಿಯಾಗಿ ತಬ್ಬಿಕೊಂಡ.

ಆಚೆ ಗಟ್ಟಿಮೇಳ ಎದ್ದಿತು. ನಾದಸ್ವರ ಮೇಲೇರಿತು, ಡೋಲು ಅದರ ಬೆನ್ನಟ್ಟಿತು. ಛತ್ರ ತುಂಬಿದ ಜನ ಎಸೆದ ಅಕ್ಷತೆ ಗಂಡುಹೆಣ್ಣಿನ ತಲೆ ದಾಟಿ, ಪರದೆ ದಾಟಿ, ಈಚೆ ಮಂಡಿಯೂರಿದವರ ಮೇಲೂ ಸುರಿಯಿತು. ಅವನ ಹುಬ್ಬಿನ ಮೇಲೆ ಒಂದು ಹಳದಿ ಕಾಳು ನಿಂತಿತು. ಕೈ ಬಿಡುವಂತಿಲ್ಲದ್ದರಿಂದ ಅವಳು ಅದನ್ನು ಊದಿದಳು. ಅದು ಬೀಳಲಿಲ್ಲ. ಅವನು ಕಣ್ಣು ಮುಚ್ಚಿದ.

ಪರದೆ ಸರಿಯಿತು. ಬೈರಪ್ಪ ನಿಂತಿದ್ದರು, ಹಿಂದೆ ಹೊಸ ಷರ್ಟಿನ ಪ್ರಸನ್ನ ಕುಮಾರ್.

"ನಾಗಲಮಡಿಕೇಲಿ ಚೆನ್ನಾಗಾಯ್ತಂತೆ. ನಾಗಲಿಂಗಯ್ಯನೋರು ಫೋನ್ ಮಾಡಿದ್ರು." ಬೈರಪ್ಪನವರ ನೋಟ ಕಂಬವನ್ನು, ಮಗಳನ್ನು, ಹುಡುಗನನ್ನು, ಇಬ್ಬರ ತಲೆಯ ಅಕ್ಷತೆಯನ್ನು ಒಂದೊಂದಾಗಿ ಮುಟ್ಟಿ ಬಂತು. ಮುಖ ಇನ್ನೂ ಬಿಗಿದೇ ಇತ್ತು.

"ಅಪ್ಪಾ, ನಾಳೆ ಅಂಗಡಿ ಬಾಗಿಲು ಯಾರು ತೆಗೀತಾರೆ?" ಗಂಗಲಕ್ಷ್ಮಿ ಹೆಗಲು ಕದಲಿಸದೆ ಕೇಳಿದಳು. ಬೇಡುವ ದನಿಯಲ್ಲಿ ಅಲ್ಲ, ನೇರವಾಗಿ.

ಬೈರಪ್ಪ ಅಣ್ಣನ ಮಗನ ಕಡೆ ತಿರುಗಿದರು. "ಪ್ರಸನ್ನ, ಊಟದ ಹಾಲಲ್ಲಿ ಕುರ್ಚಿ ಕಮ್ಮಿ ಬಿದ್ದವಂತೆ. ಹೋಗಿ ಹಾಕಿಸು ಕಣ್ಲಾ." ಅವನು ಹೋದ ಮೇಲೆ ಮಗಳಿಗೆ ಹೇಳಿದರು. "ಬೀಗದ ಕೈ ನಿನ್ನತ್ರ ತಾನೇ ಇರೋದು. ಇನ್ಯಾರು ತೆಗೀತಾರೆ?"

ಆಮೇಲೆ ಹೆಗಲ ಮೇಲಿನ ಟವೆಲನ್ನು ಮಡಿಸಿ ಕೆಳಗಿಟ್ಟು, ಪಂಚೆ ಬಿಗಿದು, ಮಂಡಿಯೂರಿ ಇಬ್ಬರ ನಡುವೆ ಬಂದು ಕಂಬಕ್ಕೆ ಬೆನ್ನು ಕೊಟ್ಟರು.

"ಇನ್ನೂ ಸಪ್ತಪದಿ ಐತೆ. ನಾನ್ ಹಿಡ್ಕಂತೀನಿ. ನೀವಿಬ್ರೂ ಹೋಗಿ, ಮೊದಲ್ನೇ ಪಂಕ್ತೀಲಿ ಜೊತೇಲಿ ಕೂತು ಊಟ ಮಾಡ್ರಿ."

ಓಬಳರಾಜು ಎದ್ದು ನಿಂತವನು ಎತ್ತ ಹೋಗುವುದೆಂದು ತಿಳಿಯದೆ ನಿಂತೇ ಇದ್ದ. ಗಂಗಲಕ್ಷ್ಮಿ ಕಣ್ಣೊರೆಸಿಕೊಂಡು, ಸೆರಗು ಬಿಚ್ಚಿ ಸರಿಮಾಡಿಕೊಂಡಳು.

"ಬಾರೋ" ಎಂದಳು, ಬೈಯುವ ದನಿಯಲ್ಲೇ.